ಏಪ್ರಿಲ್‌ನಲ್ಲಿ ಕಾಣದ ಗಿಡ ಗುಡ್ಡದಲ್ಲೇ ಇಲ್ಲವೆಂದು ಬರೆದುಬಿಡುವುದೇ?

ಸಂಡೂರು ತಾಲ್ಲೂಕಿನ ಗುಡ್ಡವೊಂದರಲ್ಲಿ ಕಬ್ಬಿಣದ ಅದಿರಿನ ಹೊಸ ಗಣಿ ತೆರೆಯುವ ಪ್ರಸ್ತಾವವಿದೆ. ಅದರ ಪರಿಸರ ವರದಿಯ ಕನ್ನಡ ಸಾರಾಂಶವನ್ನು ನಿನ್ನೆ ಪಂಚಾಯಿತಿ ಕಚೇರಿಯಲ್ಲಿ ಕುಳಿತು ಓದಿದೆ. ಸಸ್ಯಗಳ ಬಗ್ಗೆ ಅದರಲ್ಲಿರುವುದು ಒಂದು ಪಟ್ಟಿ ಮತ್ತು ಒಂದು ವಾಕ್ಯ. ಪಟ್ಟಿಯಲ್ಲಿ ಬೇವು, ಜಾಲಿ, ಸೀತಾಫಲ, ದಿಂಡಿಗ, ಲಂಟಾನ ಇವೆ. ಗಣಿ ಪ್ರದೇಶದಲ್ಲಿ ಅಪರೂಪದ ಅಥವಾ ಅಳಿವಿನಂಚಿನ ಸಸ್ಯಗಳು ಕಂಡುಬಂದಿಲ್ಲ ಎಂಬುದು ಆ ವಾಕ್ಯ. ಸಮೀಕ್ಷೆ ನಡೆದದ್ದು ಮಾರ್ಚ್‌ನಿಂದ ಮೇವರೆಗೆ. ವೃತ್ತಿಯುದ್ದಕ್ಕೂ ಸಸ್ಯಶಾಸ್ತ್ರ ಪಾಠ ಮಾಡಿದವಳು ನಾನು. ಆ ತಿಂಗಳುಗಳ ಹೆಸರು ಓದಿದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಬಳ್ಳಾರಿ ಸೀಮೆಯ ಬಿಸಿಲನ್ನು ಬಲ್ಲವರಿಗೆ ಏಪ್ರಿಲ್ ತಿಂಗಳ ಗುಡ್ಡ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಕೆಂಪು ಕಲ್ಲು, ಒಣಗಿದ ಬಾದೆ ಹುಲ್ಲು, ಎಲೆ ಉದುರಿಸಿದ ಮರಗಳು. ನಮ್ಮ ಕುರುಚಲು ಕಾಡಿನ ಎಷ್ಟೋ ಸಸ್ಯಗಳು ಆಗ ಗೆಡ್ಡೆಯಾಗಿ, ಬೇರಾಗಿ, ಬೀಜವಾಗಿ ನೆಲದೊಳಗೆ ಇರುತ್ತವೆ. ಎಲ್ಲರಿಗೂ ಗೊತ್ತಿರುವ ಅಗ್ನಿಶಿಖೆಯನ್ನೇ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಅದರ ಕವಲೊಡೆದ ಗೆಡ್ಡೆಯ ಮೇಲೆ ನಿಂತರೂ ಅಲ್ಲೊಂದು ಗಿಡವಿದೆಯೆಂದು ತಿಳಿಯುವುದಿಲ್ಲ. ಮಳೆ ಬಿದ್ದ ಮೇಲೆ ಕಾಂಡ ಮೇಲೇಳುತ್ತದೆ, ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಪೊದೆಯನ್ನು ಹಿಡಿದುಕೊಳ್ಳುತ್ತದೆ, ಆಮೇಲೆ ಹಳದಿ-ಕೆಂಪು ದಳಗಳು ಮೇಲಕ್ಕೆ ಬಾಗಿ ಅರಳುತ್ತವೆ. ಇಷ್ಟು ಢಾಳಾದ ಹೂವೇ ತಪ್ಪಿಹೋಗುವ ಕಾಲದಲ್ಲಿ, ಹುಲ್ಲಿನ ನಡುವೆ ದಾರದಂತೆ ಹಬ್ಬುವ ಸೆರೋಪೀಜಿಯಾ ಕುಲದ ಬಳ್ಳಿಗಳು ಯಾರ ಕಣ್ಣಿಗೆ ಬಿದ್ದಾವು? ಆ ಕುಲದಲ್ಲಿ ಭಾರತ ಬಿಟ್ಟು ಬೇರೆಲ್ಲೂ ಇಲ್ಲದ, ಅಳಿವಿನಂಚಿಗೆ ಬಂದಿರುವ ಪ್ರಭೇದಗಳು ಹಲವು. ಹೂ ಬಿಡದಿದ್ದರೆ ಅವುಗಳ ಪ್ರಭೇದ ಗುರುತಿಸುವುದು ಪರಿಣತರಿಗೂ ಕಷ್ಟ.

ತಪ್ಪು ವರದಿ ಬರೆದವರದ್ದಷ್ಟೇ ಅಲ್ಲ. 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆಯಡಿ ಗಣಿಗಳ ಪರಿಸರ ವರದಿಗೆ ಕೊಡುವ ಮಾದರಿ ಷರತ್ತುಗಳಲ್ಲೇ, ಗಾಳಿ, ನೀರು, ಶಬ್ದ, ಮಣ್ಣುಗಳ ಜೊತೆಗೆ ಸಸ್ಯ ಮತ್ತು ಪ್ರಾಣಿಗಳ ಮಾಹಿತಿಯನ್ನೂ ಮಳೆಗಾಲವಲ್ಲದ ಒಂದು ಋತುವಿನಲ್ಲಿ ಸಂಗ್ರಹಿಸಿದರೆ ಸಾಕು ಎಂದಿದೆ. ಧೂಳನ್ನು ಅಳೆಯುವುದಕ್ಕೆ ಒಣ ಹವೆ ಬೇಕು, ಅದನ್ನು ಒಪ್ಪುತ್ತೇನೆ. ಧೂಳು ಅಳೆಯುವ ಋತುವಿನಲ್ಲೇ ಗಿಡವನ್ನೂ ಎಣಿಸಿ ಮುಗಿಸುವುದನ್ನು ಮಾತ್ರ ಒಪ್ಪಲಾರೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಅವಧಿಗೂ ಅದೇ ಷರತ್ತಿನಲ್ಲಿ ಅವಕಾಶವಿದ್ದಾಗ ಬೇಸಿಗೆಯನ್ನೇ ಆರಿಸಿಕೊಂಡದ್ದೇಕೆ? ಸೆಪ್ಟೆಂಬರಿನಲ್ಲಿ ಸಂಡೂರು ನೋಡಬೇಕು ಎಂದು ಗಾಂಧೀಜಿ ಹೇಳಿದ್ದರೆಂದು ನಮ್ಮೂರಿನ ಮಕ್ಕಳೂ ಹೇಳುತ್ತಾರೆ. ಈ ಗುಡ್ಡಗಳ ಭವಿಷ್ಯ ಬರೆಯುವವರು ಆ ಕಾಲದಲ್ಲಿ ಇತ್ತ ತಲೆ ಹಾಕಬೇಕಾಗಿಲ್ಲ ಎಂದರೆ ಹೇಗೆ?

ಕಂಡಿತೇ ಎಂಬ ಪ್ರಶ್ನೆಗಿಂತ ಮೊದಲು, ಇಲ್ಲಿ ಬೆಳೆಯಲು ಸಾಧ್ಯವೇ ಎಂದು ಕೇಳಬೇಕು. ಕಬ್ಬಿಣದ ಕಲ್ಲಿನ ನೆತ್ತಿಗಳು ಬರಡು ನೆಲವಲ್ಲ. ತೆಳುವಾದ ಮಣ್ಣು, ಸುಡುವ ಬಂಡೆ, ಬಿರುಕುಗಳಲ್ಲಷ್ಟೇ ನಿಲ್ಲುವ ನೀರು, ಇವಕ್ಕೆ ಹೊಂದಿಕೊಂಡ ಸಸ್ಯಗಳು ಬೇರೆಡೆ ಸಿಗದೆ ಹೋಗಬಹುದು. ಬ್ರೆಜಿಲ್‌ನ ಕರಾಜಾಸ್‌ನಲ್ಲಿ ಅದಿರಿನ ಬಂಡೆಯ ಮೇಲಷ್ಟೇ ಬೆಳೆಯುವ ಐಪೋಮಿಯಾ ಕವಲ್ಕಾಂಟೆಯಿ ಎಂಬ ಕೆಂಪು ಹೂವಿನ ಬಳ್ಳಿ ಇದೆ. ಪಶ್ಚಿಮ ಆಸ್ಟ್ರೇಲಿಯಾದ ಕಬ್ಬಿಣದ ಬೆಟ್ಟಗಳಲ್ಲೂ ಇಂಥ ಉದಾಹರಣೆಗಳಿವೆ. ನಮ್ಮ ಸಂಡೂರಿನಲ್ಲಿಯೇ ಔಷಧಿ ಸಸ್ಯ ಸಂರಕ್ಷಣಾ ಪ್ರದೇಶವೊಂದನ್ನು ಗುರುತಿಸಲಾಗಿದೆ. ಹೀಗಿರುವಾಗ ಹರ್ಬೇರಿಯಂಗಳಲ್ಲಿರುವ (ಒಣಗಿಸಿದ ಸಸ್ಯಗಳ ಸಂಗ್ರಹಾಲಯ) ಹಳೆಯ ಮಾದರಿಗಳನ್ನು ನೋಡಿ, ಇಲ್ಲಿನ ಶಿಲೆ, ಇಳಿಜಾರು, ತೇವಕ್ಕೆ ಒಗ್ಗುವ ಸಸ್ಯಗಳ ಪಟ್ಟಿ ಮಾಡಿಕೊಂಡು, ಅವು ಹೂ ಬಿಡುವ ಹೊತ್ತಿಗೆ ಹೋಗಿ ಹುಡುಕುವುದು ಕ್ರಮ. ಕ್ಯಾಲಿಫೋರ್ನಿಯಾದ ವನ್ಯಜೀವಿ ಇಲಾಖೆಯ ಮಾರ್ಗಸೂಚಿಯಂತೂ, ಹುಡುಕುವ ಗಿಡ ಇದೆಯೆಂದು ಮೊದಲೇ ತಿಳಿದಿರುವ ಬೇರೊಂದು ಜಾಗದಲ್ಲಿ ಅದು ಈಗ ಕಾಣಿಸಿಕೊಂಡಿದೆಯೇ ಎಂದು ನೋಡಿಕೊಂಡು ಸಮೀಕ್ಷೆಯ ಸಮಯ ಗೊತ್ತುಮಾಡಲು ಹೇಳುತ್ತದೆ.

ಹೀಗೆ ಹುಡುಕುತ್ತ ಕುಳಿತರೆ ಯಾವ ಗಣಿಯೂ ಆಗುವುದಿಲ್ಲ, ಹುಡುಗರಿಗೆ ಕೆಲಸ ಯಾರು ಕೊಡುತ್ತಾರೆ ಎಂದು ಪಂಚಾಯಿತಿಯಲ್ಲೇ ಒಬ್ಬರು ಕೇಳಿದರು. ಕೆಲಸದ ಪ್ರಶ್ನೆ ದೊಡ್ಡದೇ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳು ನಿಂತಲ್ಲೇ ನಿಂತದ್ದನ್ನು, ಸಾಲದ ಕಂತು ಕಟ್ಟಲಾಗದೆ ಒದ್ದಾಡಿದ ಮನೆಗಳನ್ನು ನೋಡಿದ್ದೇನೆ. ಆದರೆ ನಾನು ಕೇಳುತ್ತಿರುವುದು ಒಂದು ಮಳೆಗಾಲ. ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನ ಅದಿರು ಒಂದು ಮಳೆಗಾಲಕ್ಕೆ ಕರಗಿಹೋಗುವುದಿಲ್ಲ. ಬಂಡೆಯ ನೆತ್ತಿ ಒಮ್ಮೆ ಹೋದರೆ, ಬೇರೆಡೆ ಬೇವು, ಹೊಂಗೆ ನೆಟ್ಟು ಅದನ್ನು ತುಂಬಿಕೊಡಲಾಗದು.

ಸಾರ್ವಜನಿಕ ಆಲಿಕೆ ಸಭೆಗೆ ಲಿಖಿತ ಮನವಿ ಸಿದ್ಧಪಡಿಸಿದ್ದೇನೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮತ್ತೆ ಸಮೀಕ್ಷೆಯಾಗಬೇಕು, ಯಾರು ಯಾವ ದಿನ ಯಾವ ಇಳಿಜಾರಿನಲ್ಲಿ ನಡೆದರೆಂದು ವರದಿಯಲ್ಲಿ ಬರೆಯಬೇಕು, ಗುಡ್ಡ ಬಲ್ಲ ಕುರಿಗಾಹಿಗಳನ್ನೂ ನಾಟಿ ವೈದ್ಯರನ್ನೂ ಜೊತೆಗೆ ಕರೆದೊಯ್ಯಬೇಕು ಎಂದು ಕೇಳಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಗಳು ಸಹಿ ಹಾಕಿದರಷ್ಟೇ ಸಾಲದು, ಸಭೆಗೂ ಬನ್ನಿ.