ಕಾಂಟ್, ಕೈಸಾಲ, ಫುಟ್‌ಪಾತು

ಕರ್ತವ್ಯ ಅಂದ ಕೂಡಲೇ ನಮಗೆ ನೆನಪಾಗೋದು ಡ್ಯೂಟಿ. ನೈಟ್ ಡ್ಯೂಟಿ ಬಿತ್ತು, ಡ್ಯೂಟಿ ಮುಗೀತು, ಡ್ಯೂಟಿ ಮೇಲಿದ್ದೆ, ಮೇಲಿನವರು ಹೇಳಿದ್ದು ಮಾಡಿದೆ. ಈ ಅರ್ಥವನ್ನೇ ತಲೇಲಿಟ್ಟುಕೊಂಡು 18ನೇ ಶತಮಾನದ ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್‌ನನ್ನು ಓದಿದವರು, 'ಹೇಳಿದ ಮಾತು ಕೇಳಿಕೊಂಡು ಬಿದ್ದಿರು ಅಂತಾನೆ, ಅಷ್ಟೇ' ಅಂತ ಷರಾ ಬರೆದುಬಿಡ್ತಾರೆ. ಇನ್ನು ಕೆಲವರು ಅವನನ್ನು ಸೀದಾ ಕರೆತಂದು ಗೀತೆಯ ಪಕ್ಕ ಕೂರಿಸ್ತಾರೆ. ಫಲದ ಮೇಲೆ ಕಣ್ಣಿಡಬೇಡ ಅನ್ನುವವರೆಗೆ ಆ ಹೋಲಿಕೆ ಸರಿ. ಆದರೆ ಅರ್ಜುನನ ಕರ್ತವ್ಯ ಅವನು ಕ್ಷತ್ರಿಯ ಅನ್ನೋದರಿಂದ ಬಂತು. ಕಾಂಟ್‌ನ ಕರ್ತವ್ಯಕ್ಕೆ ಹುಟ್ಟೂ ಬೇಕಿಲ್ಲ, ಹುದ್ದೆಯೂ ಬೇಕಿಲ್ಲ. ವಿವೇಚನೆ ಇರುವ ಯಾವುದೇ ಜೀವಿ ತನಗೆ ತಾನೇ ಹಾಕಿಕೊಳ್ಳುವ ಕಾನೂನು ಅದು. ಇದನ್ನು ಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಸಾಕ್ಷಿ 1961ರ ಜೆರುಸಲೇಂ ವಿಚಾರಣೆ. ಲಕ್ಷಾಂತರ ಯಹೂದಿಗಳನ್ನು ರೈಲು ಹತ್ತಿಸಿ ಸಾವಿನ ಶಿಬಿರಗಳಿಗೆ ಸಾಗಿಸಿದ ನಾಜಿ ಅಧಿಕಾರಿ ಅಡಾಲ್ಫ್ ಐಕ್‌ಮನ್ ಅಲ್ಲಿ ನಿಂತು, ತಾನು ಕಾಂಟ್ ಹೇಳಿದ ಕರ್ತವ್ಯದಂತೆ ನಡೆದವನು ಅಂದ. ಅವನು ನಡೆದದ್ದು ಆದೇಶದಂತೆ.

ಕಾಂಟ್ 1785ರಲ್ಲಿ ಕೊಟ್ಟ ಉದಾಹರಣೆ ಒಬ್ಬ ಅಂಗಡಿಯವನದು. ಏನೂ ತಿಳಿಯದ ಮಗು ಬಂದರೂ ಅವನು ಎಲ್ಲರಿಗೂ ಹೇಳುವ ಬೆಲೆಯನ್ನೇ ಹೇಳ್ತಾನೆ. ಒಳ್ಳೆಯದೇ. ಆದರೆ ವ್ಯಾಪಾರ ಕುದುರಲಿ ಅಂತ ಹಾಗೆ ಮಾಡ್ತಾನೋ, ಸರಿ ಅಂತ ಮಾಡ್ತಾನೋ? ನಮ್ಮಲ್ಲಿ ಅಂಗಡಿಯವನ ಜಾಗಕ್ಕೆ ಆಟೋ ಡ್ರೈವರ್‌ನನ್ನು ತನ್ನಿ. ಮೆಜೆಸ್ಟಿಕ್‌ನಲ್ಲಿ ಇಳಿದ, ಊರಿಗೇ ಹೊಸಬರಾದ ಮೂವರು ಮೂರು ಆಟೋ ಹತ್ತಿದರು, ಮೂರರಲ್ಲೂ ಮೀಟರ್ ಬಿತ್ತು. ಒಬ್ಬ ಡ್ರೈವರ್‌ಗೆ ಕಂಪ್ಲೇಂಟ್ ಭಯ. ಇನ್ನೊಬ್ಬನಿಗೆ ತನ್ನ ಆಟೋ ಹತ್ತಿದ ಮುದುಕರ ಮುಖ ನೋಡಿ ಅಯ್ಯೋ ಅನ್ನಿಸಿದೆ. ಮೂರನೆಯವನು 'ಗೊತ್ತಿಲ್ಲದವರ ಹತ್ರ ಜಾಸ್ತಿ ಕೀಳೋದು ತಪ್ಪು' ಅಂತ ಮೀಟರ್ ಹಾಕಿದ. ಬಿಲ್ಲು ಮೂವರಿಗೂ ಒಂದೇ. ನೈತಿಕ ಮೌಲ್ಯ ಮಾತ್ರ ಮೂರನೆಯದಕ್ಕೇ ಅಂತಾನೆ ಕಾಂಟ್. ಇಲ್ಲಿ ಜನ ಅವನನ್ನು ಕಲ್ಲೆದೆಯವನು ಅಂತ ಬೈಯ್ತಾರೆ. ಕರುಣೆ ಕೆಟ್ಟದ್ದು ಅಂತ ಅವನು ಇಲ್ಲಿ ಹೇಳ್ತಿಲ್ಲ. ಕರುಣೆ ಇವತ್ತು ಬರುತ್ತೆ, ನಾಳೆ ಹೊಟ್ಟೆ ಹಸಿದು ತಲೆ ಸಿಡಿಯುವಾಗ ಬರಲ್ಲ, ಆಗಲೂ ಮೀಟರ್ ಬೀಳಬೇಕಲ್ಲ ಅನ್ನೋದು ಅವನ ಚಿಂತೆ.

'ದಂಡ ಬೇಡವಾದರೆ ಹೆಲ್ಮೆಟ್ ಹಾಕು' ಅನ್ನೋದು ಷರತ್ತಿನ ಮಾತು. ದಂಡದ ಚಿಂತೆ ಇಲ್ಲದವನಿಗೆ ಅದು ಅನ್ವಯಿಸೋದೇ ಇಲ್ಲ. 2023ರ ಫೆಬ್ರವರಿಯಲ್ಲಿ ಹಳೇ ಟ್ರಾಫಿಕ್ ದಂಡಕ್ಕೆ 50% ರಿಯಾಯಿತಿ ಕೊಟ್ಟಾಗ ಕಟ್ಟೋಕೆ ಜನ ಮುಗಿಬಿದ್ದಿದ್ದು ನೆನಪಿರಬಹುದು. ಷರತ್ತಿನ ಆದೇಶಕ್ಕೆ ಹೀಗೆ ಡಿಸ್ಕೌಂಟ್ ಕೂಡ ಸಿಗುತ್ತೆ. ಷರತ್ತೇ ಇಲ್ಲದ್ದು ನಿರುಪಾಧಿಕ ಆದೇಶ. ಅದನ್ನು ಕಂಡುಕೊಳ್ಳೋಕೆ ಕಾಂಟ್ ಒಂದು ಪರೀಕ್ಷೆ ಕೊಡ್ತಾನೆ, ಹೆಚ್ಚಿನವರು ಎಡವೋದು ಅದನ್ನು ಮಾಡುವಾಗ.

ಮೊದಲು ನಿಮ್ಮ ಸೂತ್ರ ಬರೀಬೇಕು: ಯಾವ ಪರಿಸ್ಥಿತಿಯಲ್ಲಿ, ಏನು ಮಾಡ್ತೀನಿ, ಯಾತಕ್ಕೆ. ಮೂರೂ ಇರಬೇಕು. ಆಮೇಲೆ ಅದು ಎಲ್ಲರಿಗೂ ನಿಸರ್ಗದ ನಿಯಮದಂತೆ ಆಗಿಬಿಟ್ಟಿದೆ ಅಂತ ಇಟ್ಟುಕೊಳ್ಳಿ. ಅಂಥ ಲೋಕದಲ್ಲಿ ನಿಮ್ಮ ಸೂತ್ರ ಇನ್ನೂ ಕೆಲಸ ಮಾಡುತ್ತಾ?

ಕೈಸಾಲ ತಗೊಳ್ಳಿ, ಇದು ಕಾಂಟ್‌ನದೇ ಉದಾಹರಣೆ. 'ಅರ್ಜೆಂಟ್ 5,000 ಬೇಕಿತ್ತು, ಶುಕ್ರವಾರ ವಾಪಸ್ ಹಾಕ್ತೀನಿ' ಅಂತ ವಾಟ್ಸಾಪ್ ಹೋಗುತ್ತೆ. ಶುಕ್ರವಾರ ದುಡ್ಡು ಬರಲ್ಲ ಅಂತ ಕಳಿಸುವವನಿಗೆ ಗೊತ್ತು. ಸೂತ್ರ: ದುಡ್ಡಿಗೆ ಕಷ್ಟವಾದಾಗ, ಸಾಲ ಸಿಗಲಿ ಅಂತ, ತೀರಿಸೋಕಾಗಲ್ಲ ಅಂತ ಗೊತ್ತಿದ್ದೂ ಮಾತು ಕೊಡ್ತೀನಿ. ಕಷ್ಟದಲ್ಲಿರುವ ಪ್ರತಿಯೊಬ್ಬರೂ ಹೀಗೇ ಮಾಡೋದು ನಿಯಮವಾದರೆ, 'ಶುಕ್ರವಾರ ಹಾಕ್ತೀನಿ' ಅನ್ನೋದನ್ನು ಮಾತು ಅಂತ ಯಾರೂ ತಗೊಳ್ಳಲ್ಲ, ನಕ್ಕು ಫೋನ್ ಪಕ್ಕಕ್ಕಿಡ್ತಾರೆ. ಸುಳ್ಳು ಮಾತಿಂದ ದುಡ್ಡು ಗಿಟ್ಟಿಸುವ ದಾರಿಯೇ ಅಲ್ಲಿಲ್ಲ. 'ಎಲ್ಲರೂ ಹೀಗೆ ಮಾಡಿದರೆ ಸಮಾಜ ಹಾಳಾಗುತ್ತೆ' ಅನ್ನೋದು ಬೇರೆ ವಾದ, ಪರಿಣಾಮದ ಲೆಕ್ಕ ಅದು. ಕಾಂಟ್ ತೋರಿಸೋದು ವಿರೋಧಾಭಾಸ: ಬೇರೆಯವರೆಲ್ಲ ಮಾತಿಗೆ ತಪ್ಪಬಾರದು, ನಾನೊಬ್ಬ ಮಾತ್ರ ತಪ್ಪಬಹುದು ಅಂತ ಒಂದೇ ಉಸಿರಲ್ಲಿ ಬಯಸ್ತಿದ್ದೀನಿ.

ಫುಟ್‌ಪಾತ್ ಮೇಲೆ ಬೈಕ್ ಹತ್ತಿಸೋದೂ ಇದೇ ಜಾತಿ. 'ಜಾಮ್ ಆದಾಗ, ಬೇರೆಯವರಿಗಿಂತ ಮುಂದೆ ಹೋಗೋಕೆ, ಫುಟ್‌ಪಾತ್ ಹತ್ತಿಸ್ತೀನಿ.' ಎಲ್ಲರೂ ಹತ್ತಿಸಿದರೆ ಫುಟ್‌ಪಾತೂ ಜಾಮ್. ಉಳಿದವರು ಕೆಳಗೇ ನಿಂತಿರಬೇಕು, ಆಗಲೇ ಉಪಾಯ ಫಲಿಸೋದು.

ಈಗ ಕುಹಕಿಗಳ ಪ್ರಶ್ನೆ. ಭಾನುವಾರ ಬೆಳಗ್ಗೆ 8ಕ್ಕೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ದೋಸೆಗೆ ಹೋಗ್ತೀನಿ. ಬೆಂಗಳೂರಿನವರೆಲ್ಲ ಅದೇ ಹೊತ್ತಿಗೆ ಬಂದರೆ ಯಾರಿಗೂ ದೋಸೆ ಸಿಗಲ್ಲ. ಹಾಗಾದರೆ ದೋಸೆ ತಿನ್ನೋದು ಅನೈತಿಕವಾ? ಅಲ್ಲ. ಸೂತ್ರ ತಪ್ಪಾಗಿ ಬರೆದಿದ್ದೀರಿ. ನೀವು ನಿಜವಾಗಿ ನಡೆಯೋದು 'ರಜೆ ದಿನ, ಇಷ್ಟದ ತಿಂಡಿಗಾಗಿ, ಜಾಗ ಇರೋ ಹೋಟೆಲಿಗೆ ಹೋಗ್ತೀನಿ, ಕ್ಯೂ ಜಾಸ್ತಿಯಿದ್ದರೆ ಬೇರೆ ಕಡೆ' ಅಂತ. ಇದನ್ನು ಎಲ್ಲರೂ ಪಾಲಿಸಬಹುದು. ಬೈಕಿನವನು ಹೀಗೆ ತಿದ್ದಿ ಬರೆಯೋಕಾಗಲ್ಲ, ಬೇರೆಯವರನ್ನು ಹಿಂದೆ ಹಾಕೋದು ಅವನ ಉದ್ದೇಶದ ಒಳಗೇ ಇದೆ. ಇನ್ನೊಂದು ಕಳ್ಳದಾರಿ ಸೂತ್ರವನ್ನು ಕಿರಿದು ಮಾಡೋದು: 'ಮಂಗಳವಾರ ಸಂಜೆ 6:40ಕ್ಕೆ, ಕೆಂಪು ಬೈಕಿನಲ್ಲಿ, ಮಗಳ ಟ್ಯೂಷನ್‌ಗೆ ತಡವಾದಾಗ...' ಎಲ್ಲರಿಗೂ ಹಚ್ಚಿದರೂ ಯಾರಿಗೂ ತಾಗಲ್ಲ, ಪರೀಕ್ಷೆ ಪಾಸು. ಆದರೆ ಬುಧವಾರ, ನೀಲಿ ಬೈಕಿನಲ್ಲಿ ಹತ್ತಿಸ್ತಿರಲಿಲ್ಲವಾ? ಹತ್ತಿಸುವವನಾಗಿದ್ದರೆ ಆ ವಿವರಗಳೆಲ್ಲ ಅಲಂಕಾರ. ಅಂದರೆ ಪರೀಕ್ಷೆಯ ತೂಕವೆಲ್ಲ ಸೂತ್ರವನ್ನು ಪ್ರಾಮಾಣಿಕವಾಗಿ ಬರೆಯೋದರ ಮೇಲಿದೆ. ಅದಕ್ಕೆ ಹೊರಗಿನಿಂದ ಕಾವಲಿಲ್ಲ. ನನ್ನ ಮಟ್ಟಿಗೆ ಕಾಂಟ್‌ನ ದೊಡ್ಡ ದುರ್ಬಲ ಜಾಗ ಇದೇ.

ಎಲ್ಲ ಕರ್ತವ್ಯವೂ ಒಂದೇ ಬಿಗಿಯದ್ದಲ್ಲ. ರಸ್ತೇಲಿ ಬಿದ್ದವರನ್ನು ಎತ್ತದೆ ಹೋಗೋದು ನಿಯಮವಾದರೂ ಲೋಕ ನಡೆಯುತ್ತೆ, ಇದನ್ನು ಕಾಂಟೇ ಒಪ್ಪುತ್ತಾನೆ. ಆದರೆ ನಾನೂ ಒಂದು ದಿನ ಬೀಳಬಹುದಾದವನು. ಅಂಥ ಲೋಕವನ್ನು ನಾನು ಬಯಸೋಕೆ ಸಾಧ್ಯವಿಲ್ಲ. ಆದ್ದರಿಂದ ನೆರವು ಕರ್ತವ್ಯವೇ, ಆದರೆ ಯಾರಿಗೆ, ಎಷ್ಟು, ಯಾವಾಗ ಅನ್ನೋದರಲ್ಲಿ ಸಡಿಲ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಮು ನೆರವಾದವರಿಗೆ ರಕ್ಷಣೆ ಕೊಡುತ್ತೆ, ಕೋರ್ಟು ಕಚೇರಿ ಅಲೆಯುವ ಭಯ ತೆಗೆಯುತ್ತೆ. ಗಾಡಿ ನಿಲ್ಲಿಸುವ ಕೆಲಸ ನಮಗೇ ಉಳಿದಿದೆ.

ಸುಳ್ಳಿನ ವಿಷಯದಲ್ಲಿ ನಾನು ಕಾಂಟ್ ಕಡೆ ಇಲ್ಲ. ಸ್ನೇಹಿತನನ್ನು ಕೊಲ್ಲೋಕೆ ಹುಡುಕಿಕೊಂಡು ಬಂದವನಿಗೂ ಸುಳ್ಳು ಹೇಳಕೂಡದು ಅಂತ 1797ರಲ್ಲಿ, ಫ್ರೆಂಚ್ ಚಿಂತಕ ಬೆಂಜಮಿನ್ ಕಾನ್ಸ್ಟಂಟ್‌ಗೆ ಉತ್ತರವಾಗಿ ಬರೆದ. ಹಟ ಅಷ್ಟೇ. 'ಕೊಲೆ ತಪ್ಪಿಸೋಕೆ ಕೊಲೆಗಾರನಿಗೆ ಸುಳ್ಳು ಹೇಳ್ತೀನಿ' ಅನ್ನೋ ಸೂತ್ರವನ್ನು ಅವನದೇ ಪರೀಕ್ಷೆಗೆ ಒಡ್ಡಿ ನೋಡಬೇಕಿತ್ತು.

ಕಾಂಟ್ ಈ ನಿರುಪಾಧಿಕ ಆದೇಶವನ್ನು ಇನ್ನೊಂದು ಮಾತಿನಲ್ಲೂ ಹೇಳ್ತಾನೆ: ಮನುಷ್ಯನನ್ನು ಕೇವಲ ಸಾಧನವಾಗಿ ಬಳಸಬೇಡ, ಅವನೂ ಗುರಿ ಅಂತ ಕಾಣು. ಇಲ್ಲಿ 'ಕೇವಲ' ಅನ್ನೋ ಪದ ಬಿಟ್ಟು ಓದಿದರೆ ಕೆಟ್ಟಿತು. ಕಟಿಂಗ್ ಶಾಪಿನವನನ್ನು ನಾವೆಲ್ಲ ಬಳಸ್ತೀವಿ, ಅವನು ಒಪ್ಪಿ ದುಡ್ಡು ತಗೊಳ್ತಾನೆ. ಕೈಸಾಲ ಕೊಟ್ಟವನು ಒಪ್ಪಿಲ್ಲ, ನಿಜ ಗೊತ್ತಿದ್ದರೆ ಕೊಡ್ತಿರಲಿಲ್ಲ. ವಸ್ತುವಿಗೆ ಬೆಲೆ ಇರುತ್ತೆ, ಅದರ ಜಾಗಕ್ಕೆ ಅಷ್ಟೇ ಬೆಲೆಯ ಇನ್ನೊಂದು ತಂದಿಡಬಹುದು. ಮನುಷ್ಯನಿಗಿರೋದು ಘನತೆ, ಅದಕ್ಕೆ ಬದಲಿ ಇಲ್ಲ.

ಇಷ್ಟು ಬರೆದ ಮನುಷ್ಯನೇ 1797ರಲ್ಲಿ ಮನೆಗೆಲಸದವರನ್ನೂ ಎಲ್ಲ ಹೆಂಗಸರನ್ನೂ ಮತದ ಹಕ್ಕಿಲ್ಲದ 'ನಿಷ್ಕ್ರಿಯ ನಾಗರಿಕರು' ಅಂತ ಪಟ್ಟಿ ಮಾಡಿದ. ಅವನನ್ನು ನೋಡಿ ನಗುವ ಮುಂಚೆ ನಮ್ಮ ಅಪಾರ್ಟ್‌ಮೆಂಟುಗಳ ಲಿಫ್ಟಿನ ಬಾಗಿಲು ನೋಡಬಹುದು: 'ಮನೆಗೆಲಸದವರು ಸರ್ವಿಸ್ ಲಿಫ್ಟ್ ಬಳಸಿ'. ಇದರ ಸೂತ್ರ ಬರೀರಿ ಅಂದರೆ ಪರಿಸ್ಥಿತಿ ಬರೀತೀವಿ, ಏನು ಮಾಡ್ತೀವಿ ಅನ್ನೋದನ್ನೂ ಬರೀತೀವಿ. ಯಾತಕ್ಕೆ ಅನ್ನೋ ಕಡೆ 'ಸ್ವಚ್ಛತೆ' ಅಂತ ಹಾಕ್ತೀವಿ. ಅದೇ ಕೈ ಒಂಬತ್ತನೇ ಮಹಡಿಯಲ್ಲಿ ಚಪಾತಿ ಹಿಟ್ಟು ಕಲಸ್ತಿರುತ್ತೆ.