ಸವೆತ ಅಲ್ಲ, ಮೆತ್ತಗಾಗಿದ್ದು

ಮೂರು ವರ್ಷದ ಹಿಂದೆ ಯುಗಾದಿ ದಿನ, ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಗೆಳೆಯರೊಬ್ಬರ ಮನೇಲಿ ನೆಲದ ಮೇಲೆ ಕೂತು ಎರಡು ಒಬ್ಬಟ್ಟು ತಿಂದೆ. ಆಮೇಲೆ ಏಳೋಕೆ ಆಗಲಿಲ್ಲ. ಒಂದು ಕೈ ನೆಲಕ್ಕೆ ಊರಿ, ಇನ್ನೊಂದು ಕೈಯಲ್ಲಿ ಸೋಫಾ ಹಿಡಿದು, ಮುದುಕನ ಹಾಗೆ ಎದ್ದು ನಿಂತೆ. ನನಗಾಗ ನಲವತ್ತೊಂದು. ಒಬ್ಬಟ್ಟು ಭಾರ ಆಯ್ತು ಅಂತ ಎಲ್ಲರೂ ನಕ್ಕರು, ನಾನೂ ನಕ್ಕೆ.

ನಗುವಂಥದ್ದೇನೂ ಇರಲಿಲ್ಲ. ಆರು ತಿಂಗಳಿಂದ ಸೊಂಟ, ತೊಡೆ, ಕಾಲಿನ ಮೂಳೆ ಒಳಗೊಳಗೇ ನೋಯುತ್ತಿತ್ತು. ಇಲ್ಲೇ ಅಂತ ಬೆರಳಿಟ್ಟು ತೋರಿಸಲಾಗದ ನೋವು. ಮೂರನೇ ಮಹಡಿಯ ಮನೆಗೆ ಮೆಟ್ಟಿಲ ಪಕ್ಕದ ಕಂಬಿ ಹಿಡಿದು ಹತ್ತುತ್ತಿದ್ದೆ. ನಡಿಗೆ ಬಾತುಕೋಳಿ ಥರ ಆಗಿದೆ ಅಂತ ಹೆಂಡತಿ ಅಂದಳು. ಫೋನಲ್ಲಿ ಅಮ್ಮ "ವಾಯು ಕಣೋ, ಆಲೂಗಡ್ಡೆ ಬಿಡು" ಅಂದರು. ತುಮಕೂರಿನ ಚಿಕ್ಕಪ್ಪ "ಸವೆತ ಕಣಯ್ಯ, ನಮ್ಮ ವಂಶದಲ್ಲೇ ಇದೆ" ಅಂತ ತೀರ್ಪು ಕೊಟ್ಟರು. ಇಲ್ಲಿನ ಡಾಕ್ಟರ್ ಮೊದಲ ಸಲ ಪ್ಯಾರಾಸಿಟಮಾಲ್ ಬರೆದು ಕಳಿಸಿದರು. ಎರಡನೇ ಸಲ ರಕ್ತ ತೆಗೆಸಿದರು. ಡಿ ವಿಟಮಿನ್ ತಳ ಕಂಡಿತ್ತು, ಫಾಸ್ಫೇಟ್ ಕಡಿಮೆ, ಮೂಳೆಗೆ ತೊಂದರೆ ಆದಾಗ ಏರುವ ಆಲ್ಕಲೈನ್ ಫಾಸ್ಫಟೇಸ್ ಅನ್ನೋ ಕಿಣ್ವ ಜಾಸ್ತಿ. ಆಸ್ಟಿಯೋಮಲೇಶಿಯಾ ಅಂದರು. ಮೂಳೆ ಮೆತ್ತಗಾಗುವ ಕಾಯಿಲೆ.

ನಮ್ಮ ಕಡೆ ಮೂಳೆಗೆ ಏನಾದರೂ ಒಂದೇ ಪದ. ಮಂಡಿ ನೋವಿಗೂ ಸವೆತ, ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರೂ ಸವೆತ. ನನಗೆ ಈ ಪದದ ಮೇಲೇ ಸಿಟ್ಟು. ಸವೆತ ಅಂದಕೂಡಲೇ ವಯಸ್ಸಾಯ್ತು ಬಿಡಿ ಅಂತ ಕೈಚೆಲ್ಲುತ್ತೇವೆ. ನನಗಾಗಿದ್ದು ಸವೆತ ಅಲ್ಲವೇ ಅಲ್ಲ. ಮನೆ ಕಟ್ಟಿಸಿದವರಿಗೆ ಹೀಗೆ ಹೇಳಿದರೆ ಗೊತ್ತಾಗುತ್ತದೆ: ಕಂಬಿ ಕಟ್ಟಿದ್ದಾರೆ, ಕಾಂಕ್ರೀಟ್ ಸರಿಯಾಗಿ ಬಿದ್ದಿಲ್ಲ. ದೇಹ ಹಳೇ ಮೂಳೆ ಕೆಡವಿ ಹೊಸದು ಕಟ್ಟುತ್ತಲೇ ಇರುತ್ತದೆ. ಕಾಲಜನ್ ಅನ್ನೋ ಪ್ರೋಟೀನಿನ ಜಾಲ ಮೊದಲು, ಆಮೇಲೆ ಅದರ ಮೇಲೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕೂರಬೇಕು. ಕೂರದಿದ್ದರೆ ಮೂಳೆ ಇರುತ್ತದೆ, ಗಟ್ಟಿತನ ಇರುವುದಿಲ್ಲ. ಅಜ್ಜಿಯರಿಗೆ ಬರುವ ಆಸ್ಟಿಯೋಪೊರೋಸಿಸ್ ಬೇರೆ, ಅಲ್ಲಿ ಮಾಲು ಚೆನ್ನಾಗಿಯೇ ಇದೆ, ಗೋಡೆ ತೆಳ್ಳಗಾಗಿದೆ.

ಡಿ ವಿಟಮಿನ್ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಮ್ಮಿನಲ್ಲಿ ಕರುಳು ಹೀರುವುದು ನೂರಕ್ಕೆ 10ರಿಂದ 15 ಭಾಗ ಅಷ್ಟೇ. ಆಗ ರಕ್ತದ ಮಟ್ಟ ಕಾಯೋಕೆ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿ ಮೂಳೆಯಿಂದಲೇ ಕ್ಯಾಲ್ಸಿಯಂ ಕೀಳುತ್ತದೆ, ಕಿಡ್ನಿ ಮೂಲಕ ಫಾಸ್ಫೇಟನ್ನು ಹೊರಗೆ ಹಾಕುತ್ತದೆ. ಸ್ನಾಯುಗಳೂ ಸೋಲುತ್ತವೆ. ಒಬ್ಬಟ್ಟಿನ ದಿನ ನಾನು ಏಳಲಾರದೆ ಕೂತಿದ್ದು ಅದಕ್ಕೇ. "ನಾನು ರಾಗಿ ತಿಂದು ಬೆಳೆದವನು" ಅಂತ ಡಾಕ್ಟರ ಮುಂದೆ ಎದೆ ಉಬ್ಬಿಸಿದ್ದೆ ಬೇರೆ! ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಿಜ. ಒಳಗೆ ಸೇರಿಸಿಕೊಳ್ಳುವವರು ಬೇಕಲ್ಲ.

ಈ ಊರಿಗೆ ಈ ಕಾಯಿಲೆ ಹೊಸದಲ್ಲ. 1962ರಲ್ಲೇ ಇಲ್ಲಿನ ವೈದ್ಯರು ಗ್ಲಾಸ್ಗೊದ ಪಾಕಿಸ್ತಾನಿ ಕುಟುಂಬಗಳಲ್ಲಿ ಮಕ್ಕಳಿಗೆ ರಿಕೆಟ್ಸ್ (ಇದೇ ಕಾಯಿಲೆಯ ಮಕ್ಕಳ ರೂಪ), ದೊಡ್ಡವರಿಗೆ ಆಸ್ಟಿಯೋಮಲೇಶಿಯಾ ಇರುವುದನ್ನು ಗುರುತಿಸಿ ಬರೆದರು. 1979ರಿಂದ ಇಲ್ಲಿನ ಏಷ್ಯಾ ಮೂಲದ ಮಕ್ಕಳಿಗೆ ಪುಕ್ಕಟೆ ಡಿ ವಿಟಮಿನ್ ಹಂಚಿದರು, ಕಾಯಿಲೆ ಇಳಿಯಿತು. ಡಿಸೆಂಬರಿನಲ್ಲಿ ಇಲ್ಲಿ ಬೆಳಗಾಗುವುದು ಎಂಟೂಮುಕ್ಕಾಲಿಗೆ, ಮಧ್ಯಾಹ್ನ ಮುಕ್ಕಾಲು ನಾಲ್ಕಕ್ಕೆ ಸೂರ್ಯ ಮನೆಗೆ. ಆ ಬಿಸಿಲಿಗೆ ಚರ್ಮದಲ್ಲಿ ಡಿ ವಿಟಮಿನ್ ಮಾಡಿಸುವ ಶಕ್ತಿ ಇಲ್ಲ. ನಮ್ಮಂಥ ಕಪ್ಪು ಚರ್ಮಕ್ಕಂತೂ ಬೇಸಿಗೆಯಲ್ಲೂ ಜಾಸ್ತಿ ಹೊತ್ತು ಬೇಕು. ಅದಕ್ಕೇ 2016ರಿಂದ ಇಲ್ಲಿನ ಸರಕಾರ ನೇರವಾಗಿ ಹೇಳುತ್ತದೆ: ಚಳಿಗಾಲದಲ್ಲಿ ಎಲ್ಲರೂ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಯೂನಿಟ್ ತಗೊಳ್ಳಿ, ಕಪ್ಪು ಚರ್ಮದವರು ವರ್ಷಪೂರ್ತಿ ತಗೊಳ್ಳುವುದನ್ನು ಯೋಚಿಸಿ. ನಾನು ಓದಿದ್ದೆ. ಓದಿ ಸುಮ್ನಿದ್ದೆ. ಡಿ ವಿಟಮಿನ್ ಸಿಗುವ ಮೀನು ಮೊಟ್ಟೆ ಮುಟ್ಟುವವನಲ್ಲ, ಕೆಲಸ ಮನೆಯಿಂದಲೇ, ಹೊರಗೆ ಹೋದರೆ ಕುತ್ತಿಗೆವರೆಗೂ ಜಾಕೆಟ್.

ಇಲ್ಲಿನವರ ರೀತಿ ನನಗೆ ಹಿಡಿಸಿದ್ದು ಇಷ್ಟಕ್ಕೆ: ನಮ್ಮಲ್ಲಿ ಬಿಸಿಲಿಲ್ಲ ಅಂತ ಒಪ್ಪಿಕೊಂಡುಬಿಟ್ಟಿದ್ದಾರೆ. ನಮ್ಮವರಿಗೆ ಬಿಸಿಲಿದೆ ಅನ್ನೋ ಧೈರ್ಯ. ಇದೆ, ಆದರೆ ಮೈಮೇಲೆ ಬೀಳಬೇಕಲ್ವಾ? ಬೆಂಗಳೂರಿನಲ್ಲಿ ತಮ್ಮನ ಫ್ಲಾಟಿನಲ್ಲಿರುವ ಅಮ್ಮ ದಿನಾ ಬೆಳಗ್ಗೆ ಏಳಕ್ಕೆ ಎಳೆ ಬಿಸಿಲು ಕಾಯಿಸುತ್ತಿದ್ದರು, ಅದೂ ಮುಚ್ಚಿದ ಗಾಜಿನ ಕಿಟಕಿ ಹಿಂದೆ. ಡಿ ವಿಟಮಿನ್ನಿಗೆ ಬೇಕಾದ ಯುವಿಬಿ ಅನ್ನೋ ನೇರಳಾತೀತ ಕಿರಣ ಗಾಜು ದಾಟುವುದಿಲ್ಲ, ಎಳೆ ಬಿಸಿಲಿನಲ್ಲಿ ಅದು ಇರುವುದೂ ಅಷ್ಟಕ್ಕಷ್ಟೆ. ನೆರಳು ನಿಮಗಿಂತ ಗಿಡ್ಡ ಇರುವ ಹೊತ್ತಿನ ಬಿಸಿಲು ಬೇಕು, ಹತ್ತು ಗಂಟೆ ಮೇಲಿನದು. ನಾವು "ಕಪ್ಪಾಗ್ತೀಯ, ಒಳಗೆ ಬಾ" ಅಂತ ಮಕ್ಕಳನ್ನು ಕರೆಯುವ ಹೊತ್ತು ಅದೇ.

ಇನ್ನೊಂದು ತುದಿಯೂ ನಮ್ಮಲ್ಲೇ ಇದೆ. ಹೆಲ್ತ್ ಪ್ಯಾಕೇಜಿನಲ್ಲಿ ಡಿ ಕಡಿಮೆ ಅಂತ ಬರುತ್ತದೆ, 60,000 ಯೂನಿಟ್ಟಿನ ಪುಡಿ ಪ್ಯಾಕೆಟ್ ಕೊಡುತ್ತಾರೆ, ವಾರಕ್ಕೊಂದು. ನಮ್ಮ ನೆಂಟರೊಬ್ಬರು ಅದನ್ನು ದಿನಾ ಹಾಲಿಗೆ ಹಾಕಿಕೊಂಡು ಕುಡಿದರು, ಎರಡು ತಿಂಗಳು. ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ ಹಿಡಿದು, ಕಿಡ್ನಿಗೇ ಪೆಟ್ಟು. ಇಲ್ಲಿ ದಿನಕ್ಕೊಂದು ಸಣ್ಣ ಮಾತ್ರೆ ನುಂಗುವ ಬೋರು ರೀತಿಯೇ ವಾಸಿ ಅನ್ನಿಸಿದ್ದು ಆಗ.

ಹಾಗಂತ ಎಲ್ಲವನ್ನೂ ಬಿಸಿಲಿನ ತಲೆಗೇ ಕಟ್ಟಬೇಡಿ. ಫಿಟ್ಸಿನ ಕೆಲವು ಮಾತ್ರೆಗಳನ್ನು ವರ್ಷಗಟ್ಟಲೆ ತಿಂದವರಿಗೆ, ಗೋಧಿ ಒಗ್ಗದ ಸೀಲಿಯಾಕ್ ಇದ್ದವರಿಗೆ, ತೂಕ ಇಳಿಸೋಕೆ ಹೊಟ್ಟೆ ಆಪರೇಷನ್ ಮಾಡಿಸಿಕೊಂಡವರಿಗೆ, ಕಿಡ್ನಿ ಅಥವಾ ಲಿವರ್ ಕೆಟ್ಟವರಿಗೂ ಇದು ಬರುತ್ತದೆ. ಅಪರೂಪಕ್ಕೆ ದೇಹದಲ್ಲೆಲ್ಲೋ ಅಡಗಿದ ಕಾಳಿನಷ್ಟು ಗಡ್ಡೆ ಫಾಸ್ಫೇಟನ್ನೆಲ್ಲ ಸೋರಿಸುತ್ತದೆ. ಹಾಗಿದ್ದರೆ ಬಿಸಿಲಲ್ಲಿ ಬೆಂದರೂ ಪ್ರಯೋಜನ ಇಲ್ಲ. ನನ್ನದು ಸರಳ ಕೇಸು. ಡಿ ವಿಟಮಿನ್ ಮಾತ್ರೆ ಶುರು ಮಾಡಿದ ಮೇಲೆ ನೋವು ಕೆಲವು ವಾರದಲ್ಲೇ ತಗ್ಗಿತು, ಮೆಟ್ಟಿಲು ಸಲೀಸಾಗಲು ಹಲವು ತಿಂಗಳು ಹಿಡಿಯಿತು.

ಅಮ್ಮನಿಗೆ ಟೆರೇಸಿಗೆ ಹೋಗಿ ಕೂತ್ಕೋ ಅಂದರೆ ಕೇಳಲಿಲ್ಲ, ಸುಮ್ನೆ ಬಿಸಿಲಲ್ಲಿ ಕೂರೋಕೆ ನಾನೇನು ಎಮ್ಮೆನಾ ಅಂದರು. ಹಳೇ ಮನೆಯಲ್ಲಿ ಹಪ್ಪಳ ಸಂಡಿಗೆ ಕಾಯುತ್ತಾ ಅಂಗಳದಲ್ಲಿ ಕೂರುತ್ತಿದ್ದರಲ್ಲ, ಅದನ್ನೇ ಹಿಡಿದೆ. ನಿನ್ನ ಕೈ ಸಂಡಿಗೆ ತಿನ್ನಬೇಕು ಅಂದೆ. ಈಗ ಹತ್ತೂವರೆಗೆ ಕೋಲು ಹಿಡಿದು ಕಾಗೆ ಓಡಿಸುತ್ತಾ ಮೇಲೆ ಕೂತಿರುತ್ತಾರಂತೆ. ಕೊರಿಯರಿನಲ್ಲಿ ನಾಲ್ಕು ಕಿಲೋ ಬಂದಿದೆ. ಕರಿಯೋಕೆ ಶುರು ಮಾಡಿದರೆ ಮನೆ ಸ್ಮೋಕ್ ಅಲಾರಂ ಹೊಡೆಯುತ್ತದೆ.