ಬೋರ್ಡು ಗಟ್ಟಿಯಾಗಿದೆ, ಕಂಪೈಲರೇ ಇಲ್ಲ

ನಮ್ಮಲ್ಲಿನ ಯಂತ್ರವೊಂದರ ನಿಯಂತ್ರಣ ಬೋರ್ಡು ಇಂದಿಗೂ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಆದರೆ ಅದರ ಫರ್ಮ್‌ವೇರಿನಲ್ಲಿ, ಅಂದರೆ ಬೋರ್ಡಿನೊಳಗೇ ಇದ್ದು ಅದನ್ನು ನಡೆಸುವ ತಂತ್ರಾಂಶದಲ್ಲಿ, ಒಂದು ಸಾಲು ತಿದ್ದಬೇಕಾದರೂ ತಲೆನೋವು ತಪ್ಪಿದ್ದಲ್ಲ. ಒಳಗಿರುವ ಪ್ರೊಸೆಸರ್ ತಯಾರಕರದೇ ಸ್ವಂತ ವಿನ್ಯಾಸವಾದ್ದರಿಂದ ಅದಕ್ಕೆ ಬೇಕಾದ ಕಂಪೈಲರ್ (ಬರೆದ ಪ್ರೋಗ್ರಾಮನ್ನು ಪ್ರೊಸೆಸರಿನ ಭಾಷೆಗೆ ಬದಲಿಸುವ ತಂತ್ರಾಂಶ) ಅವರ ಬಳಿ ಮಾತ್ರ ಸಿಗುತ್ತಿತ್ತು, ಈಗ ಅಲ್ಲಿಯೂ ಸಿಗುವುದಿಲ್ಲ. ಅದಕ್ಕಾಗಿಯೇ ಆ ಕಂಪೈಲರ್ ಇರುವ ಹಳೆಯ ಕಂಪ್ಯೂಟರೊಂದನ್ನು ಅಪ್‌ಡೇಟ್ ಆಗದಂತೆ ನೆಟ್‌ವರ್ಕಿನಿಂದ ಬೇರ್ಪಡಿಸಿ, ಪ್ಯಾರಲಲ್ ಪೋರ್ಟಿಗೆ ಲೈಸೆನ್ಸ್ ಡಾಂಗಲ್ (ಕಂಪೈಲರ್ ನಡೆಯಲು ಬೇಕಾದ ಕೀಲಿಯಂಥ ಸಣ್ಣ ಸಾಧನ) ಸಿಕ್ಕಿಸಿ ಕಾಪಾಡಿಕೊಂಡು ಬಂದಿದ್ದೇವೆ. ಆ ಡಾಂಗಲ್ ಕೈಕೊಟ್ಟರೆ ಮುಗಿಯಿತು ಕಥೆ.

ಇದು ನಮ್ಮೊಬ್ಬರ ಗೋಳಲ್ಲ. ಎವಿಆರ್32 ಎಂಬ ಪ್ರೊಸೆಸರ್ ವಿನ್ಯಾಸಕ್ಕೆ ಕೊಡುತ್ತಿದ್ದ ಬೆಂಬಲವನ್ನು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ 2017ರಲ್ಲೇ ಕೈಬಿಟ್ಟಿತು. ಮರುವರ್ಷ 4.17ನೇ ಆವೃತ್ತಿಯಲ್ಲಿ ಬ್ಲ್ಯಾಕ್‌ಫಿನ್, ನೆಟ್‌ವರ್ಕ್ ಕ್ಯಾಮೆರಾಗಳಲ್ಲಿದ್ದ ಕ್ರಿಸ್, ಟೈಲ್ ಸೇರಿದಂತೆ ಅಂಥದೇ ಎಂಟು ಪ್ರೊಸೆಸರ್ ವಿನ್ಯಾಸಗಳು ಒಟ್ಟಿಗೇ ಹೊರಬಿದ್ದವು. ರೂಟರ್‌ಗಳಲ್ಲಿ ಮೆರೆದ ಮಿಪ್ಸ್ ಕಂಪನಿಯೇ 2021ರಲ್ಲಿ ತನ್ನದೇ ವಿನ್ಯಾಸ ಬಿಟ್ಟು, ಯಾರು ಬೇಕಾದರೂ ಬಳಸಬಹುದಾದ ರಿಸ್ಕ್-ಫೈವ್ ವಿನ್ಯಾಸದ ಕಡೆಗೆ ಹೊರಳಿತು.

ಸ್ವಂತ ಪ್ರೊಸೆಸರಿನ ಜೊತೆಗೆ ಕಂಪೈಲರ್, ದೋಷ ಹುಡುಕುವ ಡೀಬಗರ್, ಸಿದ್ಧ ಕೋಡಿನ ಲೈಬ್ರರಿಗಳನ್ನೆಲ್ಲ ತಯಾರಕರೊಬ್ಬರೇ ಸಾಕುವುದು ದುಬಾರಿ. ಹಲವು ಕಂಪನಿಗಳು ಬಳಸುವ ಆರ್ಮ್ ಪ್ರೊಸೆಸರ್ ವಿನ್ಯಾಸದ ಲೈಸೆನ್ಸ್ ಪಡೆದರೆ ಅವೆಲ್ಲ ಸಿದ್ಧವಾಗಿಯೇ ಸಿಗುತ್ತವೆ ಎಂಬ ಅವರ ಲೆಕ್ಕಾಚಾರವನ್ನು ನಾನೂ ಒಪ್ಪುತ್ತೇನೆ. ನನ್ನ ತಕರಾರು ಇಷ್ಟೇ: ಅಂಗಡಿ ಮುಚ್ಚುವವರು ಕಂಪೈಲರಿನ ಮೂಲ ಸಂಕೇತವನ್ನೂ (ಸೋರ್ಸ್ ಕೋಡ್) ಪ್ರೊಸೆಸರಿನ ಆದೇಶಗಳನ್ನು ವಿವರಿಸುವ ಕೈಪಿಡಿಯನ್ನೂ ಬಿಟ್ಟುಕೊಟ್ಟು ಹೋಗಬಾರದೇ? ಕೇಳಿದರೆ "ಹೊಸ ಬೋರ್ಡು ಕೊಳ್ಳಿ" ಎನ್ನುತ್ತಾರೆ. ಅದನ್ನು ಕೊಂಡಮೇಲೆ ಫರ್ಮ್‌ವೇರನ್ನು ಮೊದಲಿನಿಂದ ಬರೆದು, ಪರೀಕ್ಷೆ, ಪ್ರಮಾಣಪತ್ರಗಳನ್ನೆಲ್ಲ ಮತ್ತೆ ಮಾಡಿಸಬೇಕಾದವರು ಮಾತ್ರ ನಾವೇ.